ಮೂವತ್ತು ಕೋಟಿ ಬಡಿತ

ವಾರಿಜಮ್ಮನ ಎದೆಯಲ್ಲಿ ಒಂದು ಪುಟ್ಟ ಯಂತ್ರವಿತ್ತು. ಹೃದಯದ ಬಡಿತ ಹದ ತಪ್ಪಿದರೆ ವಿದ್ಯುತ್ತಿನ ಪೆಟ್ಟು ಕೊಟ್ಟು ಸರಿಪಡಿಸುವುದು ಅದರ ಕೆಲಸ. ಒಂದು ಬೆಳಿಗ್ಗೆ ಒಂಬತ್ತಕ್ಕೆ ಅದು ಬೀಪ್ ಎಂದಿತು. ಮೊಬೈಲ್ ಕೂಗಿತೆಂದುಕೊಂಡು ವಾರಿಜಮ್ಮ ಅದನ್ನು ಚಾರ್ಜಿಗೆ ಹಾಕಿದರು.

"ಯಾಕಪ್ಪಾ ಕೂಗಿದೆ?" ಎಂದು ಹೃದಯ ಕೇಳಿತು.

"ನನ್ನ ಬ್ಯಾಟರಿ ಮುಗಿಯುತ್ತಿದೆ. ಮೂರು ತಿಂಗಳೊಳಗೆ ನನ್ನನ್ನು ಬದಲಿಸದಿದ್ದರೆ ನಿನಗೆ ಕಾವಲಿಲ್ಲ."

ಹೃದಯ ನಕ್ಕಿತು. "ಎಂಟು ವರ್ಷದಲ್ಲಿ ನೀನು ದುಡಿದದ್ದು ಒಂದೇ ಒಂದು ಸಲ. ಅಷ್ಟಕ್ಕೇ ಸುಸ್ತೇ?"

"ಆ ಒಂದು ಪೆಟ್ಟು ಕೊಡಲು ಹೋದದ್ದು ಸ್ವಲ್ಪ. ಉಳಿದದ್ದೆಲ್ಲ ನಿನ್ನನ್ನು ಆಲಿಸುವುದಕ್ಕೆ ಹೋಯಿತು. ಸುಮಾರು ಮೂವತ್ತು ಕೋಟಿ ಬಡಿತ. ಒಂದನ್ನೂ ಬಿಟ್ಟಿಲ್ಲ."

ಅಷ್ಟು ಬಡಿತಗಳನ್ನು ಸ್ವತಃ ಹೃದಯವೇ ಗಮನಿಸಿರಲಿಲ್ಲ.

ಮರುದಿನ ಒಂಬತ್ತಕ್ಕೆ ಯಂತ್ರ ಮತ್ತೆ ಕೂಗಿತು. ಅಂದು ಮೊಬೈಲನ್ನು ಮಗಳು ಒಯ್ದಿದ್ದಳು. ವಾರಿಜಮ್ಮ ಅತ್ತಿತ್ತ ನೋಡಿ, ಮೆಲ್ಲಗೆ ಎದೆಯ ಮೇಲೆ ಕೈಯಿಟ್ಟರು. "ಅಯ್ಯೋ, ನೀನಾ ಕೂಗ್ತಿರೋದು!" ಎಂದು ಆಗಲೇ ಆಸ್ಪತ್ರೆಗೆ ಹೊರಟರು.

ದಾರಿಯಲ್ಲಿ ಹೃದಯ ಕೇಳಿತು, "ನಿನ್ನ ಜಾಗಕ್ಕೆ ಬರುವವನಿಗೆ ನಾನು ಏನು ಹೇಳಲಿ?"

"ಏನೂ ಹೇಳಬೇಡ. ಬಡಿಯುತ್ತಿರು. ಅವನು ಕೇಳಿಸಿಕೊಳ್ಳುತ್ತಾನೆ."