ಗಾಣದೆತ್ತಿನ ಉತ್ತರಾಯಣ

“ಗುರುಗಳೇ, ಉತ್ತರಾಯಣದ ಬೆಳಗ್ಗೆ ಸಂಕಲ್ಪ ಮಾಡುವವನು ಯಾವ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು?”

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಸಂಕ್ರಾಂತಿ ಹತ್ತಿರ ಬಂದಿತ್ತು. ಅವನ ಕೈಯಲ್ಲಿ ಪಂಚಾಂಗವಿತ್ತು.

“ಏನು ಸಂಕಲ್ಪ?” ಎಂದರು ಗುರುಗಳು.

“ಇನ್ನು ಮುಂದೆ ಯಾರಿಗೂ ಕಟುವಾದ ಮಾತನ್ನು ಆಡುವುದಿಲ್ಲ ಎಂದು. ಸೂರ್ಯನು ಪಥ ಬದಲಿಸುವ ದಿನ ನಾನೂ ಬದಲಾಗಬೇಕೆಂದಿದ್ದೇನೆ. ಅಂದು ಮೊದಲು ಅಡುಗೆಯ ದೇವೀರಮ್ಮನ ಕೈಗೆ ಎಳ್ಳುಬೆಲ್ಲ ಕೊಟ್ಟು, ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.”

ದೇವೀರಮ್ಮನ ವಿಷಯ ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾರ್ತಿಕದಲ್ಲಿ ತುಪ್ಪದ ಗಡಿಗೆಯೊಂದು ಕಾಣೆಯಾದಾಗ ಈ ಶಿಷ್ಯ ಊಟದ ಪಂಕ್ತಿಯ ನಡುವೆ ಆಕೆಯನ್ನು ಕಳ್ಳಿ ಎಂದಿದ್ದ. ಅಂದಿನಿಂದ ಆಕೆ ತುಪ್ಪ ಬಡಿಸುವುದನ್ನು ಬಿಟ್ಟಿದ್ದಳು. ಅನ್ನ ಬಡಿಸಿ, ತುಪ್ಪದ ಮಿಳ್ಳೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಗೋಡೆಗೆ ಸರಿದು ನಿಲ್ಲುತ್ತಿದ್ದಳು.

“ಕ್ಷಮೆ ಏಕೆ? ಆಕೆ ಕದ್ದಿರಲಿಲ್ಲವೇ?”

“ಇಲ್ಲ. ಗಡಿಗೆ ದೀಪದ ಕೋಣೆಯಲ್ಲಿತ್ತು. ನಾನೇ ಇರಿಸಿ ಮರೆತಿದ್ದೆ.”

“ಸಿಕ್ಕಿದ್ದು ಯಾವಾಗ?”

“ಕಾರ್ತಿಕ ಮುಗಿದು ದೀಪಗಳನ್ನು ಎತ್ತಿಡುವಾಗ.” ಶಿಷ್ಯ ತಡವರಿಸಿದ. “ಅಷ್ಟರಲ್ಲಿ ಶೂನ್ಯಮಾಸ ಸಮೀಪಿಸಿತು. ಹೊಸದನ್ನು ಆರಂಭಿಸುವ ಕಾಲವಲ್ಲ. ಪುಣ್ಯಕಾಲ ಬರಲಿ ಎಂದು ತಡೆದೆ.”

ಗುರುಗಳ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

“ಕೂತುಕೋ,” ಎಂದರು. ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಅವನಿಗೆ ಒಂದು ಗಾಣ, ಒಬ್ಬ ಹೆಂಡತಿ, ಒಂದು ಎತ್ತು. ಎತ್ತಿನ ಹೆಸರು ಬೂದ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೂದ ಬೆಳಗಿನಿಂದ ಸಂಜೆಯವರೆಗೆ ಗಾಣದ ಸುತ್ತ ನಡೆಯುತ್ತಿತ್ತು. ಅದು ನಡೆದರೆ ಎಣ್ಣೆ ಇಳಿಯುತ್ತಿತ್ತು. ಎಣ್ಣೆ ಇಳಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಒಂದು ವರ್ಷ ಚಳಿಗಾಲದಲ್ಲಿ ನೊಗದ ಒಳಮೈ ಸೀಳು ಬಿಟ್ಟಿತು. ಸೀಳಿನ ಅಂಚು ಬೂದನ ಹೆಗಲನ್ನು ಉಜ್ಜಿ ಹುಣ್ಣು ಮಾಡಿತು. ಗಾಣಿಗನಿಗೆ ಮರುಕ ಬಂತು. ನಿಜವಾಗಿಯೇ ಬಂತು; ಅವನು ಕ್ರೂರಿಯಲ್ಲ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಬಯಲಿನಲ್ಲಿ ಊರೆಲ್ಲ ಸೇರಿದ್ದಾಗ, ಅವನು ಉರಿಯುವ ಹುಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದ:

“ಈ ಉತ್ತರಾಯಣದಿಂದ ನನ್ನ ಎತ್ತಿನ ಮೈಗೆ ನೋವಾಗಲು ಬಿಡುವುದಿಲ್ಲ. ಹೊಸ ನೊಗ ಮಾಡಿಸುತ್ತೇನೆ. ವಾರಕ್ಕೊಂದು ದಿನ ಬಿಡುವು ಕೊಡುತ್ತೇನೆ. ಸೂರ್ಯನೇ ಸಾಕ್ಷಿ.”

ಊರಿನವರು ತಲೆದೂಗಿದರು. ಇಂಥ ಮನಸ್ಸು ಯಾರಿಗೆ ಬರುತ್ತದೆ ಎಂದರು. ಹಿರಿಯನೊಬ್ಬ ಅವನ ಕೈಗೆ ಎಳ್ಳುಬೆಲ್ಲ ಕೊಟ್ಟು ಬೆನ್ನು ತಟ್ಟಿದ. ಬೂದ ಪಕ್ಕದಲ್ಲೇ ನಿಂತಿತ್ತು. ಹುಣ್ಣಿನ ಮೇಲೆ ದಪ್ಪನೆಯ ಚೆಂಡುಹೂವಿನ ಹಾರವಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಗೆ ಮರಳುವಾಗ ಗಾಣಿಗನ ಮನಸ್ಸು ಹಗುರವಾಗಿತ್ತು.

ಗುರುಗಳು ಇಲ್ಲಿ ತಡೆದರು. “ಕೆಡುಕು ಆದದ್ದು ಅಲ್ಲಿಯೇ. ಹುಣ್ಣು ಕಂಡಾಗಲೆಲ್ಲ ಅವನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದು ಚುಚ್ಚುತ್ತಲೇ ಇದ್ದಿದ್ದರೆ ನಾಳೆಯೋ ನಾಡಿದ್ದೋ ಬಡಗಿಯ ಮನೆಗೆ ನಡೆಯುತ್ತಿದ್ದ. ಸಂಕಲ್ಪ ಮಾಡಿದ ಮೇಲೆ ಚುಚ್ಚುವುದು ನಿಂತಿತು. ಮಾತು ಅವನಿಗೆ ಮುಲಾಮಾಯಿತು. ಎತ್ತಿಗೆ ಏನೂ ಆಗಲಿಲ್ಲ.”

“ಹಾಗಾದರೆ ಸಂಕಲ್ಪವೇ ತಪ್ಪೆನ್ನುತ್ತೀರಾ?”

“ಕತೆ ಮುಗಿದಿಲ್ಲ.”

ಹಬ್ಬ ಕಳೆದು ಮದುವೆಗಳ ಕಾಲ ಬಂತು. ಗಾಣಕ್ಕೆ ಬಿಡುವಿಲ್ಲದಾಯಿತು. ಬೇಸಿಗೆಯಲ್ಲಿ ಹುಣ್ಣು ಒಣಗಿತು. ಒಣಗಿತಲ್ಲ ಎಂದು ಗಾಣಿಗ ಸುಮ್ಮನಾದ. ಮಳೆಗಾಲದಲ್ಲಿ ಮತ್ತೆ ಬಾಯಿ ಬಿಟ್ಟಿತು. ನೊಗಕ್ಕೆ ಗೋಣಿ ಸುತ್ತಿದ. ಗೋಣಿ ಹುಣ್ಣಿಗೆ ಅಂಟಿಕೊಂಡಿತು. ದೀಪಾವಳಿಯ ಹೊತ್ತಿಗೆ ಬೂದ ನೊಗವನ್ನು ಕಂಡರೆ ಹಿಂದೆ ಸರಿಯತೊಡಗಿತು. ಗಾಣಿಗ ಅದಕ್ಕೊಂದು ಉಪಾಯ ಕಂಡುಕೊಂಡ. ಮೊದಲು ಕಣ್ಣಿಗೆ ಬಟ್ಟೆ ಕಟ್ಟಿ, ಆಮೇಲೆ ನೊಗ ಎತ್ತುತ್ತಿದ್ದ.

ಶೂನ್ಯಮಾಸ ಅರ್ಧ ಕಳೆದಾಗ ಅವನಿಗೆ ಕಳೆದ ವರ್ಷದ ಮಾತು ನೆನಪಾಯಿತು. ಊರಿನವರಿಗೂ ನೆನಪಿದ್ದೀತು ಎನ್ನಿಸಿತು. ಬಡಗಿಯನ್ನು ಗಾಣದ ಮನೆಗೆ ಕರೆಸಿ ಹೊಸ ನೊಗ ಬೇಕೆಂದ.

“ಒಣಗಿದ ಮರ ಮನೆಯಲ್ಲೇ ಇದೆ. ನಾಳೆ ಸಂಜೆಗೆ ಕೊಡ್ತೀನಿ,” ಎಂದ ಬಡಗಿ.

“ಬೇಡ, ಬೇಡ. ಸಂಕ್ರಾಂತಿ ಬೆಳಗ್ಗೆ, ಒಳ್ಳೆ ಹೊತ್ತಿನಲ್ಲಿ ತಾ.”

“ಆಗಲಿ ಕಣಣ್ಣ. ನೊಗಕ್ಕೆ ಮುಹೂರ್ತ ನೋಡಿದೋನು ಈ ಊರಲ್ಲಿ ನೀನೊಬ್ಬನೇ. ಎತ್ತಿಗೂ ಒಂದು ಮಾತು ಹೇಳಿಬಿಡು, ಕಾದಿರಲಿ.” ಬಡಗಿ ನಗುತ್ತ ಹೊರಟುಹೋದ.

ಹೆಂಡತಿ ಬಾಗಿಲ ಬಳಿ ಎಳ್ಳು ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

“ಶೂನ್ಯಮಾಸದಲ್ಲಿ ಹೊಸ ನೊಗ ಹೂಡಬಾರದು. ಹಳೇದು ಹೂಡಬಹುದಾ?”

“ದಿನದ ಕೆಲಸಕ್ಕೆ ದೋಷವಿಲ್ಲ ಕಣೆ.”

“ಹಾಗಾದರೆ ಹುಣ್ಣಿಗೂ ದೋಷವಿಲ್ಲ ಬಿಡಿ. ಅದೂ ದಿನಾ ಆಗೋದೇ.” ಅವಳು ಎದ್ದು ನಿಂತಳು. “ಹೊಸದು ಹಬ್ಬಕ್ಕೇ ಬರಲಿ. ಈಗ ಹಳೇ ನೊಗದ ಸೀಳನ್ನಾದರೂ ಕೆತ್ತಿಸಿ. ಬಡಗಿ ಬಾಚಿ ಹಿಡಿದರೆ ಎಲೆಯಡಿಕೆ ಹಾಕಿಕೊಳ್ಳೋದರೊಳಗೆ ಮುಗಿಯುತ್ತೆ.”

“ಹಳೇ ನೊಗ ಕೆತ್ತಿಸ್ತೀನಿ ಅಂತ ನಾನು ಊರ ಮುಂದೆ ಹೇಳಿದೆನಾ? ಹೊಸ ನೊಗ ಅಂದಿದ್ದೀನಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು. ಸೂರ್ಯ ತಿರುಗೋವರೆಗೆ ತಾಳು.”

ಹೆಂಡತಿ ನೆಲವನ್ನು ತೋರಿಸಿದಳು. ಗಾಣದ ಮನೆಯ ಬಾಗಿಲು ದಕ್ಷಿಣಕ್ಕಿತ್ತು. ಚಳಿ ಹೆಚ್ಚಿದಂತೆ ನಡುಹಗಲಿನ ಬಿಸಿಲು ಒಳಕ್ಕೆ ಸರಿಯುತ್ತ ಹೋಗಿ, ಬೂದ ತುಳಿದು ಸವೆಸಿದ ಹಾದಿಯ ಅಂಚನ್ನು ಮುಟ್ಟಿತ್ತು. ಈಗ ಆ ಅಂಚನ್ನು ಬಿಟ್ಟು ಹೊಸ್ತಿಲ ಕಡೆಗೆ ಬೆರಳಷ್ಟು ಹಿಂದೆ ಬಂದಿತ್ತು.

“ಅವನು ಆಗಲೇ ತಿರುಗಿ ಆಯಿತು. ನೋಡಿ, ಬಂದ ಬಿಸಿಲು ವಾಪಸು ಹೊರಟಿದೆ. ನಿಮ್ಮ ಹಬ್ಬಕ್ಕೆ ಅವನೇನು ಕಾದನಾ? ನಾನು ತಿರುಗ್ತೀನಿ ಅಂತ ಊರ ಮುಂದೆ ಕೂಗಿದನಾ?”

“ಓಹೋ, ಪಂಚಾಂಗಕ್ಕಿಂತ ನೀನು ದೊಡ್ಡವಳಾದೆ,” ಎಂದು ಗಾಣಿಗ ನಕ್ಕ. “ಎಳ್ಳು ಕೇರು, ಹೋಗು.”

ಹಬ್ಬ ಹತ್ತಿರವಾದಂತೆ ಊರಿಗೆಲ್ಲ ಎಣ್ಣೆ ಬೇಕಾಯಿತು. ಹಬ್ಬದ ಹಿಂದಿನ ಮಧ್ಯಾಹ್ನ ಬೂದ ಸುತ್ತಿನ ನಡುವೆ ಮೊಣಕಾಲೂರಿತು. ಗಾಣಿಗ ಗಾಬರಿಯಾಗಿ ನೊಗ ಬಿಚ್ಚಿದ. ಹುಣ್ಣಿಗೆ ಅರಿಸಿನ ಮೆತ್ತಿದ. “ಇಷ್ಟು ದಿನ ತಾಳಿದೆ, ಇನ್ನೊಂದೇ ದಿನ ತಾಳಪ್ಪ,” ಎಂದು ಅದರ ಕಿವಿಯಲ್ಲಿ ಹೇಳಿದ. ಅದನ್ನು ಹೇಗೋ ಕೊಟ್ಟಿಗೆಗೆ ನಡೆಸಿ, ನಾಳೆಗೆ ಚೆನ್ನಾಗಿ ಕಾಣಲೆಂದು ಕೊಂಬಿಗೆ ಬಣ್ಣ ಬಳಿದ.

ಸಂಕ್ರಾಂತಿಯ ಬೆಳಗ್ಗೆ ಬಡಗಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಗಾಣಿಗ ಹೊಸ ನೊಗಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟ. ಒಳಮೈಯನ್ನು ಅಂಗೈಯಿಂದ ಸವರಿ ನೋಡಿದ. ಎಲ್ಲಿಯೂ ಒರಟಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು. ನೊಗವನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದ.

ಹೆಂಡತಿ ಬೂದನ ತಲೆಯ ಬಳಿ ಕೂತಿದ್ದಳು. ಕೊಂಬಿನ ಬಣ್ಣ ಹೊಳೆಯುತ್ತಿತ್ತು. ಬೂದನ ಮೈ ತಣ್ಣಗಾಗಿತ್ತು.

ಅವಳು ಎದ್ದು ಗಂಡನಿಗೆ ದಾರಿ ಬಿಟ್ಟಳು.

“ಬನ್ನಿ,” ಎಂದಳು. “ಒಳ್ಳೆ ಹೊತ್ತು ಮೀರುತ್ತೆ. ಹೂಡಿ.”

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

“ಗಾಣಿಗ ಆಮೇಲೆ ಏನು ಮಾಡಿದ?” ಎಂದ ಶಿಷ್ಯ.

“ಮಾಡುವುದೇನು? ಅಂದು ಸಂಜೆ ಬಯಲಿಗೆ ಹೋಗಿ, ಇನ್ನು ಮುಂದೆ ತರುವ ಎತ್ತನ್ನು ಮಗನಂತೆ ಸಾಕುತ್ತೇನೆ ಎಂದು ಸಂಕಲ್ಪ ಮಾಡಿದ. ಊರಿನವರು ಕಣ್ಣೊರೆಸಿಕೊಂಡರು. ಎತ್ತಿಗಾದರೆ ಕಣ್ಣು ಕಟ್ಟಿದ್ದರು. ಇವನು ಕಣ್ಣು ಬಿಟ್ಟುಕೊಂಡೇ ಸುತ್ತಿದ.”

ಗುರುಗಳ ದನಿ ಈಗ ಏರಿತ್ತು.

“ಯಾರಿಗೂ ಕಟುಮಾತು ಆಡುವುದಿಲ್ಲವಂತೆ! ನಿನ್ನಿಂದ ಆ ದೊಡ್ಡ ಮಾತನ್ನು ಕೇಳಿದವರು ಯಾರು? ಗಡಿಗೆ ಸಿಕ್ಕಿತು, ನೀನು ಕದ್ದಿಲ್ಲ ತಾಯಿ: ಇಷ್ಟೇ ಆಡಬೇಕಾಗಿದ್ದ ಮಾತು. ಆಕೆ ದಿನಕ್ಕೆ ಎರಡು ಸಲ ನಿನ್ನ ಎಲೆಗೆ ಅನ್ನ ಬಡಿಸುತ್ತಾಳೆ. ಎರಡು ಸಲವೂ ಕಳ್ಳಿಯಾಗಿ ಬಡಿಸುತ್ತಾಳೆ. ಆಕೆ ಕಳ್ಳಿಯಲ್ಲ ಎಂಬುದು ಆಕೆಯ ಹೊರತು ಈ ಮಠದಲ್ಲಿ ನಿನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆದು ಬಂದು ಕೂತು ಉಂಡೆ. ಇವತ್ತೂ ಉಂಡೆ. ಉಂಡ ಮೇಲೆ ಪಂಚಾಂಗ ತೆರೆದೆ.”

ಶಿಷ್ಯ ಪಂಚಾಂಗವನ್ನು ಮುಚ್ಚಿದ. ಹೊರಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಯಾವ ದಿಕ್ಕಿಗೆ ಮುಖ ಮಾಡಬೇಕು ಎಂದು ಕೇಳಿದೆಯಲ್ಲ,” ಎಂದರು ಗುರುಗಳು, “ಅಡುಗೆಮನೆ ನಿನ್ನ ಬೆನ್ನ ಹಿಂದೆ ಇದೆ.”