ಗೌಡರ ಮನೆಯ ಹಾರ್ಮೋನಿಯಂ

ಚನ್ನಬಸನಗೌಡರ ಮಗಳು ಗಿರಿಜಾಳ ಕೈಗೆ ಸ್ಕ್ರೂಡ್ರೈವರ್, ಮುಂದೆ ಕೆಟ್ಟುನಿಂತ ಸಾಮಾನು ಸಿಕ್ಕರೆ ಊಟದ ನೆನಪೂ ಇರುತ್ತಿರಲಿಲ್ಲ. ಗೌಡರಿಗೆ ಅದು ಮರ್ಯಾದೆಗೇಡು. ಒಂದು ದಿನ ಮನೆಯ ಆಳನ್ನು ಕರೆದು ಗುಡುಗಿದರು.

“ಆಕಿಗೆ ಆ ಸಾಮಾನು ತಂದು ಕೊಡಾಂವ ನೀನ. ನನ್ನ ಮಗಳು ಸಂಗೀತದ ಟೀಚರ್ ಆಗಬೇಕು. ಅಮಾಸಿ ಒಳಗ ಆಕಿ ಖೋಲಿಯಿಂದ ಹಾರ್ಮೋನಿಯಂ ಕೇಳಬೇಕು. ಇಲ್ಲಂದ್ರ ನಿನ್ನ ಚಾಕರಿ ಮುಗೀತು!”

“ಆಗಲಿ ಧಣ್ಯಾರ” ಎಂದ ಆಳು ಸೀದಾ ಭಜನೆ ಮಂದಿರಕ್ಕೆ ಹೋದ. ಅಲ್ಲಿ ಇಲಿ ಕಡಿದು, ಉಸಿರು ನಿಂತು ಮೂಲೆ ಸೇರಿದ್ದ ಹಾರ್ಮೋನಿಯಂ ಒಂದಿತ್ತು. ಅದನ್ನೇ ಹೊತ್ತು ತಂದು ಗಿರಿಜಾಳ ಮುಂದಿಟ್ಟ.

ಅಮಾವಾಸ್ಯೆಯ ಮುಂಜಾನೆ ಗಿರಿಜಾಳ ಕೋಣೆಯಿಂದ ಸ್ವರ ಕೇಳಿಸಿತು. ಗೌಡರು ಮೀಸೆ ತಿರುವುತ್ತಾ ಒಳಹೊಕ್ಕರು. ನೋಡಿದರೆ, ಬಾರಿಸುತ್ತಿದ್ದವನು ಆಳು! ಮಗಳು ಪಕ್ಕದಲ್ಲಿ ಕೂತು, ಸ್ವರಕ್ಕೆ ಕಿವಿಗೊಟ್ಟು, ಕೊನೆಯ ಸ್ಕ್ರೂ ಬಿಗಿಯುತ್ತಿದ್ದಳು.

“ಲೇ, ಇದೇನು?”

“ಖೋಲಿಯಿಂದ ಕೇಳಬೇಕು ಅಂದ್ರಿ, ಕೇಳಾಕತ್ತೈತ್ರಿ. ಬಾರಿಸಾಕ ಊರಾಗ ಹತ್ತು ಮಂದಿ ಅದೀವಿ ಧಣ್ಯಾರ. ಸತ್ತ ಪೆಟ್ಟಿಗಿಗೆ ಉಸಿರು ಕೊಟ್ಟಾಕಿ ನಿಮ್ಮ ಮಗಳು ಒಬ್ಬಾಕಿನರಿ.”

ಗೌಡರು ದಡದಡನೆ ಹೊರಟುಹೋದರು. ಆಳು ಗಂಟುಮೂಟೆ ಕಟ್ಟತೊಡಗಿದ.

ಅಷ್ಟರಲ್ಲಿ ಗೌಡರು ತಿರುಗಿ ಬಂದರು. ಕಂಕುಳಲ್ಲಿ, ಅಜ್ಜನ ಕಾಲದಲ್ಲೇ ನಿಂತುಹೋಗಿದ್ದ ಗೋಡೆ ಗಡಿಯಾರ.

“ಯವ್ವಾ ಗಿರಿಜಾ,” ಅಂದರು ಮೆಲ್ಲಗೆ, “ಇದೂ ಹಾಡತೈತೇನು ನೋಡು.”