ಪೇಟೆಂಟಿಗೆ ಹೋದ ಗೇರ್ ಗುಂಡಿ

ಸುದ್ದಿ ಕೇಳಿದಿರೇನ್ರೀ? ಕರೆಂಟ್ ಕಾರಿನ ಗೇರ್ ಗುಂಡಿ ಹತ್ತು ಪುಟದ ಅರ್ಜಿ ಹಿಡಿದು ಪೇಟೆಂಟ್ ಕಚೇರಿಗೆ ಬೀಗುತ್ತಾ ಹೋಯಿತಂತೆ. ಅರ್ಜಿ ಪರೀಕ್ಷಿಸಲು ಕೂತಿದ್ದ ಭೂತಗನ್ನಡಿಗೆ, "ತಿರುಗಿಸಿದ ಕೂಡಲೇ ಕೆಲಸಕ್ಕಿಳಿಯುವ ಗುಂಡಿ ಲೋಕದಲ್ಲಿ ನಾನೊಂದೇ," ಎಂದಿತು.

ಸಾಕ್ಷಿಗೆ ಬಂದಿದ್ದ ಮಿಕ್ಸಿಯ ಗುಂಡಿ ಕಿಸಕ್ಕನೆ ನಕ್ಕಿತು. "ಹೌದೇನಮ್ಮಣ್ಣಿ? ಹಾಗಾದರೆ ಇಷ್ಟು ವರ್ಷ ಚಟ್ನಿ ರುಬ್ಬಿಸಿದ್ದು ನಿಮ್ಮಜ್ಜಿಯಾ?"

ಭೂತಗನ್ನಡಿ ಒಂಬತ್ತು ಪುಟ ಹೊಡೆದುಹಾಕಿತು.

"ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇದೇನು?"

"ನನ್ನ ದೋಷ ಸ್ವಾಮಿ. ಕಾರಿನ ಹಿಂದೆ ಮಗು ನಿಂತಿದ್ದರೆ, ಯಾರೆಷ್ಟು ತಿರುಗಿಸಿದರೂ ರಿವರ್ಸಿಗೆ ಹೋಗುವುದಿಲ್ಲ. ಮೊಂಡು ಅಂದಾರೆಂದು ಚಿಕ್ಕದಾಗಿ ಬರೆದೆ."

"ಹುಚ್ಚಿ, ಇಂಥದ್ದು ಇದುವರೆಗೆ ಯಾರೂ ತಂದಿಲ್ಲ!"

ಗುಂಡಿ ಉಸ್ಸೆಂದಿತು. ಬಡಾಯಿಯೆಲ್ಲ ಕಸದಬುಟ್ಟಿಗೆ ಹೋಗಿ, ನಾಚಿಕೊಂಡು ಬರೆದ ಒಂದು ಸಾಲಿಗೆ ಪೇಟೆಂಟ್ ಸಿಕ್ಕಿತು.